ಹಗೇವಿಗೆ ಇಳಿಸಿದ ಬೆಳಕು

ಹಿರೇಹಡಗಲಿಯ ನಮ್ಮ ಸೋದರತ್ತೆ ಶಿವಬಸಮ್ಮ ಹಾವಿಗೆ ಹೆದರಿದವಳಲ್ಲ, ಗಂಡನ ಮನೆಯವರಿಗಂತೂ ಅಲ್ಲವೇ ಅಲ್ಲ. ಅವಳ ಜೀವ ನಡುಗುತ್ತಿದ್ದುದು ತನ್ನದೇ ಅಂಗಳದ ಹಗೇವಿಗೆ, ನೆಲದೊಳಗೆ ಜೋಳ ತುಂಬಿಡುವ ಆ ಕುಣಿಗೆ. ಅವಳು ಚಿಕ್ಕವಳಿದ್ದಾಗ ಅಣ್ಣ ಗಾದಿಲಿಂಗಪ್ಪ ತವರಿನ ಹಗೇವಿಗೆ ಇಳಿದು, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸತ್ತಿದ್ದ. ಅಂಗಳ ದಾಟುವಾಗಲೂ ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿಯನ್ನು ಅತ್ತೆ ಸುತ್ತು ಹಾಕಿಕೊಂಡೇ ಹೋಗುತ್ತಿದ್ದಳು.

ಹಗೇವಿನ ಕಾಲ ಮುಗಿಸಿದ್ದು ಮೆಕ್ಕೆಜೋಳ. ಜೋಳ ಯಾವ ಕಾಲಕ್ಕೋ ಆಫ್ರಿಕಾದಿಂದ ಬಂದು ನಮ್ಮದೇ ಆಗಿಹೋಗಿತ್ತು. ದಂಡು ಬಂದರೂ ಬರ ಬಂದರೂ ಊರು ಬದುಕಿದ್ದು ನೆಲದೊಳಗೆ ಬಚ್ಚಿಟ್ಟ ಆ ಕಾಳಿನಿಂದ. ಮೆಕ್ಕೆಜೋಳ ಕಡಲಾಚೆಯ ಅಮೆರಿಕದ್ದು. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪು ಖಾರ, ಶೇಂಗಾಪುಡಿ ಎರಡೂ ಅಲ್ಲಿಂದ ಬಂದವೇ. ‘ನಮ್ಮ ಊಟ’ ಎಂದು ಎದೆ ತಟ್ಟಿಕೊಳ್ಳುವವರಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ಆದರೆ ಖಾರ, ಶೇಂಗಾ ಬಂದು ರೊಟ್ಟಿಯ ಪಕ್ಕ ಕುಳಿತವು. ಮೆಕ್ಕೆಜೋಳ ಜೋಳವನ್ನೇ ಹೊಲದಿಂದ ಎಬ್ಬಿಸಿತು. ಕಣದಿಂದ ನೇರ ಲಾರಿ ಹತ್ತುವ ಬೆಳೆಗೆ ಹಗೇವು ಯಾಕೆ? ಅದಕ್ಕೆ ಇಳಿಯುವ ರೀತಿಯೂ ಜನಕ್ಕೆ ಮರೆತುಹೋಯಿತು.

ಹೋದ ವರ್ಷ ಅತ್ತೆಯ ಮಗ ಗುರುಬಸವರಾಜ ಮತ್ತೆ ಜೋಳ ಬೆಳೆದ. ಹಗೇವು ಸ್ವಚ್ಛ ಮಾಡಿ ಅದರಲ್ಲೇ ತುಂಬುತ್ತೇನೆಂದು ಹಟ ಹಿಡಿದ. ಅತ್ತೆ ಅತ್ತಳು, ಬೈದಳು, ಕೊನೆಗೆ ಕೈ ಹಿಡಿದು ಬೇಡಿಕೊಂಡಳು.

“ಮೊದಲ ಬೆಳಕು ಇಳಿಸಿ ನೋಡಲೇ. ಅದು ಆರಿತಂದ್ರ ಒಳಗ ಕೆಟ್ಟ ಗಾಳಿ ಐತಂತ ತಿಳಕೊ, ಕಾಲಿಡಬ್ಯಾಡ.”

ಮರುದಿನ ಬೆಳಿಗ್ಗೆ ಚಪ್ಪಡಿ ಸರಿದ ಸದ್ದು ಕೇಳಿತು. ಅತ್ತೆಯ ಮನೆಗೆ ಹೋಗಿದ್ದ ನಾನು ಅಡುಗೆಮನೆಯ ಹೊಸ್ತಿಲಲ್ಲಿದ್ದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ಕೈ ತಾಳ ತಪ್ಪುತ್ತಿತ್ತು.

“ಬೆಳಕು ಇಳಿಸಿದೇನಲೇ?” ಎಂದು ಒಳಗಿನಿಂದಲೇ ಕೂಗಿದಳು.

“ಇಳಿಸೀನಿ ಯವ್ವಾ!”

“ಆರಿತೇನು?”

“ಇಲ್ಲಬೇ, ಚಲೋ ಬೆಳಗಾಕ ಹತ್ತೈತಿ!”

ಅತ್ತೆ ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಒಲೆ ನಂದಿತ್ತು. ಹಚ್ಚಲೆಂದು ಮಡಿಲಿನ ಕಡ್ಡಿಪೆಟ್ಟಿಗೆ ತೆಗೆದವಳು ಅದನ್ನೇ ನೋಡುತ್ತ ಕುಳಿತಳು. ಮನೆಯಲ್ಲಿದ್ದುದು ಅದೊಂದೇ. ಕಂದೀಲು ಗೂಡಿನಲ್ಲಿ ಇಟ್ಟಲ್ಲೇ ಇತ್ತು.

“ಹಂಗಾದ್ರ ಅಂವ ಏನ್ ಇಳಿಸ್ಯಾನ?” ಎಂದಳು.

ಇಬ್ಬರೂ ಓಡಿದೆವು. ಗುರುಬಸವರಾಜ ಆಗಲೇ ಹಗೇವಿನೊಳಗೆ ಎದೆಮಟ್ಟ ಇಳಿದಿದ್ದ, ಕೈಗಳು ಅಂಚಿನ ಮೇಲಿದ್ದವು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಅವನ ಮೊಬೈಲಿನ ಟಾರ್ಚು ಕೆಳಗೆ ಬೆಳಗುತ್ತಿತ್ತು. ಅತ್ತೆ ಅವನ ಕೂದಲಿಗೇ ಕೈ ಹಾಕಿದಳು, ನಾನು ರಟ್ಟೆ ಹಿಡಿದೆ. ಅಳುತ್ತ ಬೈಯುತ್ತ ಎಳೆದು ಹಾಕಿದೆವು.

“ಎಷ್ಟ್ ಹೆದರ್ತೀಬೇ! ಬೆಳಕು ಆರಿಲ್ಲಲ್ಲ!” ಎಂದು ಅವನು ರೇಗಿದ.

ಅತ್ತೆ ಅವನ ಕೂದಲು ಬಿಡದೆ, ಕಡ್ಡಿಪೆಟ್ಟಿಗೆ ನನ್ನ ಕೈಗಿಟ್ಟಳು. ನಾನು ಕಂದೀಲು ತಂದು, ಹಚ್ಚಿ, ಇನ್ನೊಂದು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ಸ್ವಲ್ಪ ಕೆಳಗೆ ಹೋಗುತ್ತಲೇ ಅದರ ಉರಿ ಸಣ್ಣದಾಯಿತು, ಆಮೇಲೆ ಆರಿತು. ಅದರ ಪಕ್ಕದಲ್ಲಿ ಟಾರ್ಚು ಮೊದಲಿನಂತೆಯೇ ಬೆಳಗುತ್ತಿತ್ತು.

ಗುರುಬಸವರಾಜ ಹಗೇವಿನ ಬಾಯಿಂದ ಹಿಂದಕ್ಕೆ ಸರಿದ. ಸಣ್ಣ ದನಿಯಲ್ಲಿ, “ಯವ್ವಾ, ಇನ್ನ ಕೂದಲಾ ಬಿಡಬೇ,” ಎಂದ.

ಅತ್ತೆ ಬಿಡಲಿಲ್ಲ.