ಶಾಲಿನಿಗೆ ನಾನು ಕಳಿಸಿದ ವಾಯ್ಸ್ ಮೆಸೇಜುಗಳು

2022ರಲ್ಲಿ ನಾನು ಭದ್ರಾವತಿಯ ಜನ್ನಾಪುರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಇಷ್ಟುದ್ದದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ. ಜನರ ಬಾಯಲ್ಲಿ ನಾನು ಬರೀ ‘ಸಿಸ್ಟರ್’. ಗರ್ಭಿಣಿಯರ ಹೆಸರು ಬರೆದುಕೊಳ್ಳುವುದು, ಬಿ.ಪಿ. ನೋಡುವುದು, ತೂಕ ಹಾಕುವುದು, ಕಬ್ಬಿಣದ ಮಾತ್ರೆ ಕೊಡುವುದು, ಕೊಟ್ಟ ಮಾತ್ರೆ ನುಂಗದೆ ಕಿಟಕಿಯಿಂದಾಚೆ ಎಸೆದವರನ್ನು ಗದರುವುದು ನನ್ನ ಕೆಲಸ. ಕೊನೆಯದರಲ್ಲಿ ನನಗೆ ವಿಶೇಷ ಪ್ರಾವೀಣ್ಯವಿತ್ತು ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ‘ನಾಳೆ ಚುಚ್ಚುಮದ್ದು ಇದೆ’ ಎಂಬ ಒಂದು ಮಾತು ಮುಟ್ಟಿಸಲು ಮನೆಮನೆಗೆ ನಡೆಯಬೇಕಿತ್ತು. ಆಮೇಲೆ ಪಕ್ಕದ ಮನೆಯವರ ಫೋನಿಗೆ ಹೇಳಿ, ಅವರು ಕಾಂಪೌಂಡಿನ ಮೇಲಿಂದ ಕೂಗಿ ತಿಳಿಸುವ ಕಾಲ ಬಂತು. ಬಟನ್ ಫೋನ್ ಬಂದ ಮೇಲೂ ಕರೆಯ ದುಡ್ಡಿಗೆ ಹೆದರಿ ಮಿಸ್ಡ್ ಕಾಲ್ ಕೊಟ್ಟು ಸುಮ್ಮನಾಗುವವರೇ ಜಾಸ್ತಿ. ಮೆಸೇಜಿಂಗ್ ಆ್ಯಪ್ ಬಂದದ್ದೇ ಬಂದದ್ದು, ನಾಲ್ಕೈದು ವರ್ಷಗಳಲ್ಲಿ ಕಾರ್ಖಾನೆ ಕೆಲಸದವರಿಂದ ಹಿಡಿದು ಹೂ ಕಟ್ಟುವ ಅಜ್ಜಿಯವರೆಗೆ ಎಲ್ಲರ ಕೈಗೂ ಅದು ಬಂತು. ಆ್ಯಪಿನ ಹೆಸರು ಬೇಡ ಬಿಡಿ, ನಿಮ್ಮ ಫೋನಿನಲ್ಲೂ ಇದೆ. ಲೋಕದ ತುಂಬ ಕೋಟಿಗಟ್ಟಲೆ ಜನ ಅದರಲ್ಲೇ ಮಾತಾಡುತ್ತಾರಂತೆ. ನಮ್ಮ ಬೀದಿಯ ತಮಿಳು ಅಕ್ಕ ಮಸ್ಕತ್‌ನಲ್ಲಿರುವ ತಂಗಿಯ ಜೊತೆ ಮಾತಾಡುತ್ತಲೇ ದೋಸೆ ಹುಯ್ಯುತ್ತಿದ್ದಳು. ಅದನ್ನು ಬೈಯುವವರು ಬೈಯಲಿ. ಕಾಲು ಸವೆಸಿದ ನನ್ನಂಥವಳಿಗೆ ಅದು ಬೆಳಗಾಗೆದ್ದು ಕೈಮುಗಿಯಬೇಕಾದ ವಸ್ತುವೇ.

ನಾನೂ ಒಂದು ಗ್ರೂಪ್ ಮಾಡಿದೆ. ನನ್ನ ವ್ಯಾಪ್ತಿಯ ಮೂವತ್ತೊಂದು ಗರ್ಭಿಣಿಯರು ಅದರಲ್ಲಿದ್ದರು. ಆದರೆ ನನಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದೆಂದರೆ ತಲೆಬೇನೆ. ಒಂದು ಒತ್ತಕ್ಷರ ಹುಡುಕುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಹಾಗಾಗಿ ಮೈಕಿನ ಗುರುತು ಒತ್ತಿ ಹಿಡಿದು ಹೇಳಬೇಕಾದ್ದನ್ನೆಲ್ಲ ಹೇಳಿ ಬಿಟ್ಟುಬಿಡುತ್ತಿದ್ದೆ. ನಮ್ಮ ಸಹೋದ್ಯೋಗಿಗಳೆಲ್ಲ ಹಾಗೇ. ಕೇಳಿಸಿಕೊಂಡವರು ಕೈಮುಗಿದ ಚಿತ್ರ ಹಾಕುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ‘ತಿಳಿಸಲಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ.

ಆ ಗ್ರೂಪಿನಲ್ಲಿ ಶಾಲಿನಿ ಎಂಬ ಇಪ್ಪತ್ತನಾಲ್ಕು ವರ್ಷದ ಹುಡುಗಿಯೂ ಇದ್ದಳು. ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಗಂಡ ಮಂಜುನಾಥನಿಗೂ ಹಾಗೇ. ಭದ್ರಾವತಿಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಒಳ್ಳೆಯ ಕೆಲಸಗಾರ. ಚೊಚ್ಚಲ ಬಸಿರು. ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಅತ್ತೆ ಸರೋಜಮ್ಮನೇ ಕರೆದುಕೊಂಡು ಬರುತ್ತಿದ್ದರು. ನಾನು ಕೇಳುವುದು ಅತ್ತೆಯನ್ನು, ಉತ್ತರ ಹೇಳುವುದೂ ಅತ್ತೆಯೇ. ಶಾಲಿನಿ ನಮ್ಮಿಬ್ಬರ ತುಟಿಗಳನ್ನು ನೋಡುತ್ತ ಕೂತಿರುತ್ತಿದ್ದಳು.

ಆರನೇ ತಿಂಗಳಲ್ಲಿ ಬಿ.ಪಿ. ಮತ್ತು ರಕ್ತಪರೀಕ್ಷೆಗೆ ಬರಬೇಕೆಂದು ನಾನು ಗ್ರೂಪಿನಲ್ಲಿ ಮೂರು ಸಲ ಹೇಳಿದೆ. ಮೂರು ಸಲವೂ ಶಾಲಿನಿಯಿಂದ ಕೈಮುಗಿದ ಚಿತ್ರ ಬಂತು, ಆಸಾಮಿ ಬರಲಿಲ್ಲ. ಸರೋಜಮ್ಮ ಮಗಳ ಮನೆಗೆ ಹೋಗಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಬಿಸಿಲಲ್ಲಿ ನಡೆದು ಹೋಗಿ, ತೆರೆದ ಬಾಗಿಲಲ್ಲೇ ಕೂತಿದ್ದ ಶಾಲಿನಿಯ ಮುಂದೆ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರ ಬೆರಳಾಡಿಸುತ್ತ ಶುರು ಮಾಡಿದೆ: “ಏನ್ ಮಾರಾಯ್ತಿ, ಮೂರ್ ಸಲ ಹೇಳಿದೀನಿ! ಕೈ ಮುಗ್ದು ಮುಗ್ದು ಕಳ್ಸಿದ್ಯಲ್ಲ, ಬರೋಕೇನಾಗಿತ್ತು?”

ಅವಳು ನನ್ನನ್ನು ಪೂರ್ತಿ ಬೈಯಲು ಬಿಟ್ಟಳು. ಆಮೇಲೆ ಫೋನ್ ತೆಗೆದು ಗ್ರೂಪ್ ತೋರಿಸಿದಳು. ಮೇಲಿಂದ ಕೆಳಗೆ ನನ್ನ ವಾಯ್ಸ್ ಮೆಸೇಜುಗಳೇ ಸಾಲಾಗಿ ಇದ್ದವು, ಒಂದೊಂದೂ ಎರಡೆರಡು ನಿಮಿಷದ್ದು. ಅವಳು ಅವುಗಳ ಮೇಲೆ ಬೆರಳಿಟ್ಟಳು, ತನ್ನ ಕಿವಿಯ ಮೇಲೆ ಬೆರಳಿಟ್ಟಳು, ನಕ್ಕಳು. ನಂತರ ನಿಧಾನವಾಗಿ ಟೈಪ್ ಮಾಡಿ ತೋರಿಸಿದಳು: ‘ಎಲ್ಲರು ಕೈ ಮುಗಿ. ನಾನು ಕೈ ಮುಗಿ.’

ಅಯ್ಯೋ ದೇವರೇ! ನಾಚಿಕೆಯಿಂದ ಸತ್ತೇಹೋದೆ. ಅವಳಿಗೆ ಕಿವಿ ಕೇಳದೆಂದು ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದವಳೇ ನಾನು. ನಾಲ್ಕು ತಿಂಗಳು ವಾರಕ್ಕೆರಡು ಸಲ ಅವಳ ಕಿವಿಗೆ ಭಾಷಣ ಬಿಗಿದವಳೂ ನಾನೇ. ಅಲ್ಲೇ ಕೂತು ಬಿ.ಪಿ. ನೋಡಿದೆ: 144/94. ಗರ್ಭಿಣಿಗೆ 140/90 ದಾಟಿದರೆ ನಾವು ಎಚ್ಚರಗೊಳ್ಳಬೇಕು. ಮೂತ್ರದಲ್ಲಿ ಪ್ರೋಟೀನ್ ಕೂಡ ಕಂಡಿತು. ಇದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ರಕ್ತದೊತ್ತಡ ಏರುತ್ತ ಹೋಗಿ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಅಂದೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಶುರು ಮಾಡಿಸಿದೆ.

ಅವತ್ತಿನಿಂದ ನಾನು ವಿದ್ಯಾರ್ಥಿನಿ, ಅವಳು ಮೇಷ್ಟರು. ಬರೆದು ಕಳಿಸಿದರಾಯಿತೆಂದು ಮೊದಲು ಅಂದುಕೊಂಡಿದ್ದೆ. ಆದರೆ ಉದ್ದುದ್ದ ಕನ್ನಡ ವಾಕ್ಯ ಅವಳಿಗೆ ಕಷ್ಟ; ಅವಳ ನಿಜವಾದ ಭಾಷೆ ಕೈಯಲ್ಲಿತ್ತು. ಅದಕ್ಕೆ ಅದರದೇ ವ್ಯಾಕರಣ, ಅದರದೇ ತಮಾಷೆ, ಅದರದೇ ಬೈಗುಳ. ದಿನವೂ ಸಂಜೆ ಐದಕ್ಕೆ ವಿಡಿಯೋ ಕಾಲ್. ಮುಷ್ಟಿಯಿಂದ ಹಣೆಯ ಪಕ್ಕ ಬಡಿದರೆ ತಲೆನೋವು. ಕಣ್ಣ ಮುಂದೆ ಬೆರಳುಗಳನ್ನು ಅಲ್ಲಾಡಿಸಿದರೆ ಕಣ್ಣು ಮಂಜು. ಹೊಟ್ಟೆಯ ಮೇಲೆ ಎರಡು ಬೆರಳು ಪುಟಿಸಿದರೆ ಮಗು ಒದೆಯುತ್ತಿದೆ. ನಾನು ತಪ್ಪು ಮಾಡಿದಾಗ ಪರದೆಯ ತುಂಬ ಅವಳ ನಗು. ಒಮ್ಮೆ ‘ಮಾತ್ರೆ ನುಂಗಿದೆಯಾ?’ ಎಂದು ಕೇಳಲು ಹೋಗಿ ‘ಅತ್ತೆಯನ್ನು ನುಂಗಿದೆಯಾ?’ ಎಂದು ಕೇಳಿದೆನಂತೆ. ಗಂಡ ಹೆಂಡತಿ ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಎಂಟನೇ ತಿಂಗಳಲ್ಲಿ, ಪದ್ಧತಿಯಂತೆ, ಶಾಲಿನಿ ಬಾಣಂತನಕ್ಕೆಂದು ತವರಿಗೆ ಹೊರಟಳು. ಶಿವಮೊಗ್ಗದಾಚೆಯ ಹೊಳಲೂರು. ಚೊಚ್ಚಲ ಹೆರಿಗೆಯ ಹುಡುಗಿಯರು ಹೀಗೆ ಹೊರಟರೆ ನಮಗೆ ಎದೆ ಧಸಕ್ ಎನ್ನುತ್ತದೆ, ಯಾಕೆಂದರೆ ಅಲ್ಲಿಯವರೆಗೆ ನೋಡಿಕೊಂಡವಳ ಕಣ್ಣಿಂದ ಹೋಗಿ ಹೊಸಬರ ಕಣ್ಣಿಗೆ ಬೀಳುವ ನಡುವೆಯೇ ಎಡವಟ್ಟಾಗುವುದು. ಅಲ್ಲಿಯ ಸಿಸ್ಟರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದರು. ಸಂಜೆ ಐದರ ವಿಡಿಯೋ ಕಾಲ್ ಮಾತ್ರ ನಾನು ಬಿಡಲಿಲ್ಲ.

ಮೂವತ್ತೈದನೇ ವಾರದ ಒಂದು ಗುರುವಾರ. ಶಿವಮೊಗ್ಗದಲ್ಲಿ ನಮ್ಮ ಪರಿಶೀಲನಾ ಸಭೆ. ಹೊಳಲೂರಿನ ಸಿಸ್ಟರ್ ಆ ವಾರ ರಜೆಯಲ್ಲಿದ್ದರು. ಸಭೆಯಲ್ಲಿ ಫೋನ್ ಕಂಡರೆ ನಮ್ಮ ಅಧಿಕಾರಿಗೆ ಆಗದು, ಎಲ್ಲರದೂ ಸೈಲೆಂಟ್. ಹನ್ನೊಂದೂ ಕಾಲಿಗೆ ನನ್ನ ತೊಡೆಯ ಮೇಲಿನ ಫೋನ್ ನಡುಗಿತು: ಶಾಲಿನಿಯ ವಿಡಿಯೋ ಕಾಲ್. ಸಂಜೆ ಐದಕ್ಕೆ ಬರಬೇಕಾದ್ದು ಹನ್ನೊಂದಕ್ಕೆ ಬಂದಿದೆ. ಮೇಜಿನ ಕೆಳಗೇ ಒತ್ತಿ ನೋಡಿದೆ. ಮುಖ ಊದಿಕೊಂಡಿತ್ತು, ಹಣೆಗೆ ಶುಂಠಿ ಪಟ್ಟು. ಅವಳು ಮುಷ್ಟಿಯಿಂದ ಹಣೆ ಬಡಿದುಕೊಂಡಳು. ಕಣ್ಣ ಮುಂದೆ ಬೆರಳು ಅಲ್ಲಾಡಿಸಿದಳು. ಮತ್ತೆ ಹಣೆ, ಮತ್ತೆ ಕಣ್ಣು.

ಕುರ್ಚಿ ಹಿಂದಕ್ಕೆ ಬಿದ್ದದ್ದೂ ನನಗೆ ಗೊತ್ತಾಗಲಿಲ್ಲ. “ಏನ್ರೀ ಇದು, ಸಭೆ ನಡೀತಿರೋದು ಕಾಣಲ್ವಾ?” ಎಂದರು ಅಧಿಕಾರಿ.

“ಆಮೇಲೆ ಎಷ್ಟು ಬೇಕಾದ್ರೂ ಬೈಸ್ಕೋತೀನಿ ಸರ್, ಈಗ ಬಿಡಿ. ಆಂಬುಲೆನ್ಸ್ ಬೇಕು, ಹೊಳಲೂರಿಗೆ. ಫಿಟ್ಸ್ ಬರೋ ಹಂಗಿದೆ!”

ಹೊರಗೆ ವರಾಂಡಕ್ಕೆ ಓಡಿದೆ. ಕೈಭಾಷೆಗೆ ಎರಡು ಕೈ ಬೇಕು, ನನ್ನ ಒಂದು ಕೈಯಲ್ಲಿ ಫೋನ್. ಅಟೆಂಡರ್ ರುದ್ರಪ್ಪನ ಕೈಗೆ ಕೊಟ್ಟು “ಅಲ್ಲಾಡಿಸ್ಬೇಡ, ಹಿಡ್ಕೊ” ಎಂದೆ. ‘ಅಮ್ಮ ಎಲ್ಲಿ?’ ಎಂದು ಕೇಳಿದೆ. ರೇಷನ್ ಅಂಗಡಿಗೆ ಹೋಗಿದ್ದಾಳೆ ಎಂದಳು. ಅಂದರೆ ಒಬ್ಬಳೇ. ಎಡಮಗ್ಗುಲಿಗೆ ಮಲಗು ಎಂದು ಹೇಳುವಷ್ಟರಲ್ಲಿ ಅವಳ ಬೆನ್ನ ಹಿಂದೆ ಬಾಗಿಲು ಕಂಡಿತು. ಒಳಗಿನಿಂದ ಚಿಲಕ ಹಾಕಿದೆ! ಆಂಬುಲೆನ್ಸಿನವರು ಬಾಗಿಲು ಬಡಿದರೆ ಇವಳಿಗೆ ಕೇಳಿಸದು. ಮಲಗಿದ ಮೇಲೆ ಏಳಲಾಗದಿದ್ದರೆ? ಮೊದಲು ಚಿಲಕ ತೆಗೆ, ಬಾಗಿಲು ಪೂರ್ತಿ ತೆರೆ ಎಂದು ಮೂರು ಸಲ ಸನ್ನೆ ಮಾಡಿದೆ. ಗೋಡೆ ಹಿಡಿದುಕೊಂಡು ಹೋಗಿ ತೆರೆದು ಬಂದಳು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಮಲಗಿದಳು.

ಅಷ್ಟರಲ್ಲಿ ಅಧಿಕಾರಿಯೇ ಹೊರಬಂದು ಆಂಬುಲೆನ್ಸಿಗೆ ಹೇಳಿಸಿದ್ದರು. ಡ್ರೈವರ್ ಅವರ ಫೋನಿನಲ್ಲಿ, “ಊರು ಗೊತ್ತು ಸರ್, ಮನೆ ಯಾವ್ದು? ಒಳಗೆಲ್ಲ ಸಂದಿಗೊಂದಿ” ಎನ್ನುತ್ತಿದ್ದ. ತವರಿಗೆ ಹೋದ ದಿನವೇ ಶಾಲಿನಿ ತನ್ನ ಮನೆಯ ಲೊಕೇಶನ್ ನನಗೆ ಕಳಿಸಿದ್ದಳು. ಅದನ್ನೇ ಅವನಿಗೆ ದಾಟಿಸಿದೆವು. ಮಂಜುನಾಥನಿಗೆ ‘ಶಿವಮೊಗ್ಗ ದೊಡ್ಡ ಆಸ್ಪತ್ರೆ. ಬೇಗ ಬಾ’ ಎಂದು ಟೈಪ್ ಮಾಡಿದೆ. ಆ ಹೊತ್ತಿನಲ್ಲಿ ಒತ್ತಕ್ಷರಗಳೆಲ್ಲ ತಾವಾಗಿ ಬೆರಳಿಗೆ ಸಿಕ್ಕವು.

ನಂತರದ ಇಪ್ಪತ್ತೈದು ನಿಮಿಷ ನಾನು ವರಾಂಡದಲ್ಲಿ ನಿಂತು ಕೈಯಲ್ಲಿ ಮಾತಾಡಿದೆ. ಕಣ್ಣು ಮುಚ್ಚಬೇಡ. ನನ್ನನ್ನು ನೋಡು. ಮಗು ಒದೆಯುತ್ತಿದೆಯಾ? ಅವಳು ಎರಡು ಬೆರಳು ಪುಟಿಸುತ್ತಿದ್ದಳು, ಒಂದೊಂದು ಸಲ ಬಹಳ ನಿಧಾನವಾಗಿ. ನಡುವೆ ನೆಟ್‌ವರ್ಕ್ ಕೈಕೊಟ್ಟು ಚಿತ್ರ ನಿಂತುಹೋಯಿತು. ರುದ್ರಪ್ಪ “ಅಯ್ಯೋ ಸಿಸ್ಟರ್” ಎಂದ. ನಾನು ನಿಂತ ಚಿತ್ರಕ್ಕೇ ಸನ್ನೆ ಮಾಡುತ್ತಿದ್ದೆ. ಒಂದು ನಿಮಿಷಕ್ಕೆ ಚಿತ್ರ ಮರಳಿತು. ತೆರೆದ ಬಾಗಿಲಲ್ಲಿ ಆಂಬುಲೆನ್ಸಿನ ಇಬ್ಬರು ಕಂಡರು. ಅವರ ಹಿಂದೆ ಕೈಚೀಲ ಹಿಡಿದ ಅವಳಮ್ಮ ಓಡಿಬರುತ್ತಿದ್ದರು.

ಆಸ್ಪತ್ರೆಗೆ ತಂದಾಗ ಬಿ.ಪಿ. 180/120. ಲೇಬರ್ ವಾರ್ಡಿನ ಹಾಸಿಗೆಯ ಮೇಲೆ ಮಲಗಿಸಿದ ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂದೇಬಿಟ್ಟಿತು. ಆದರೆ ಅದು ಡಾಕ್ಟರ ಕಣ್ಣೆದುರಿಗೆ ಬಂತು, ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಸಿದ್ಧವಿದ್ದ ಜಾಗದಲ್ಲಿ ಬಂತು. ಕೂಡಲೇ ತಹಬಂದಿಗೆ ತಂದು ಸಿಸೇರಿಯನ್ ಮಾಡಿದರು. ಹೆಣ್ಣು ಮಗು, ಎರಡು ಕೆಜಿ ನೂರು ಗ್ರಾಂ. “ಇದೇ ಮನೇಲಿ ಒಬ್ಳೇ ಇದ್ದಾಗ ಬಂದಿದ್ರೆ ಇಬ್ರೂ ಉಳೀತಿರ್ಲಿಲ್ಲ” ಎಂದರು ಡಾಕ್ಟರು. ಅವಳಮ್ಮ “ಬಿಸಿಲಿಗೆ ಬಂದಿರೋ ತಲೆನೋವು ಅಂದ್ಕೊಂಡೆ ಕಣಮ್ಮಾ” ಎಂದು ನನ್ನ ಕೈ ಹಿಡಿದು ಅತ್ತರು. ಎಣ್ಣೆ ಮಸಿಯ ಬಟ್ಟೆಯಲ್ಲೇ ಬಂದಿದ್ದ ಮಂಜುನಾಥ ಗಾಜಿನಾಚೆ ಮಗುವನ್ನು ನೋಡಿದ, ಹೆಂಡತಿಯ ಕಡೆ ಕೈ ತೋರಿಸಿ ನನ್ನ ಮುಖ ನೋಡಿದ. ಇದ್ದಾಳೆ, ಚೆನ್ನಾಗಿದ್ದಾಳೆ ಎಂದು ಸನ್ನೆ ಮಾಡಿದೆ. ಅವನು ಗೋಡೆಗೆ ಒರಗಿ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತು ಅತ್ತೆ. ಸರ್ವಿಸಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಅತ್ತದ್ದು ಅದೊಂದೇ ಸಲ.

ನಾಲ್ಕನೇ ದಿನ ವಾರ್ಡಿಗೆ ಹೋದರೆ ಶಾಲಿನಿ ದಿಂಬಿಗೆ ಒರಗಿ ಕೂತು ವಿಡಿಯೋ ಕಾಲ್‌ನಲ್ಲಿದ್ದಳು. ಪರದೆಯ ಮೇಲೆ ಐದಾರು ಚೌಕ, ಒಂದೊಂದರಲ್ಲೂ ಒಬ್ಬೊಬ್ಬ ಗೆಳತಿ. ಎಲ್ಲರೂ ಅವಳ ಜೊತೆ ಕಿವುಡು ಮಕ್ಕಳ ಶಾಲೆಯಲ್ಲಿ ಓದಿದವರು. ದಾವಣಗೆರೆಯವಳು, ಹಾಸನದವಳು, ಹೊಳೆಹೊನ್ನೂರಿನವಳು, ಮದುವೆಯಾಗಿ ಪುಣೆ ಸೇರಿದವಳು. ಎಲ್ಲರ ಕೈಗಳೂ ಒಟ್ಟಿಗೇ ಹರಟುತ್ತಿದ್ದವು. ವಾರ್ಡಿನ ಬೇರೆ ಬಾಣಂತಿಯರು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ವರ್ಷಗಟ್ಟಲೆ ಈ ಹುಡುಗಿಯರು ಒಬ್ಬರಿಗೊಬ್ಬರು ಸಿಕ್ಕಿಯೇ ಇರಲಿಲ್ಲವಂತೆ. ಕರೆ ಮಾಡುವ ಫೋನ್ ಲೋಕಕ್ಕೆಲ್ಲ ಬಂದಾಗಲೂ ಅವರಿಗೆ ಅದು ಬಂದಿರಲಿಲ್ಲ. ಅವರ ಪಾಲಿಗೆ ಫೋನ್ ಹುಟ್ಟಿದ್ದೇ ಈ ಆ್ಯಪಿನಿಂದ.

ನನ್ನನ್ನು ಕಂಡು ಶಾಲಿನಿ ಫೋನ್ ಇತ್ತ ತಿರುಗಿಸಿ, ಒಂದು ಕೈ ಸೊಂಟಕ್ಕಿಟ್ಟು ಇನ್ನೊಂದರ ಬೆರಳಾಡಿಸಿದಳು. ಚೌಕದೊಳಗಿನ ಅಷ್ಟೂ ಹುಡುಗಿಯರು ಹಾಗೇ ಮಾಡಿದರು. ಏನಿದು ಎಂದು ಮಂಜುನಾಥನನ್ನು ಕೇಳಿದೆ. ಅವನು ಸಂಕೋಚಪಟ್ಟು ಟೈಪ್ ಮಾಡಿದ: ‘ಹೆಸರು. ನಿಮ್ಮ. ಬೈಯುವ ಅಮ್ಮ.’ ಅವರ ಲೋಕದಲ್ಲಿ ತಮ್ಮವರೆನಿಸಿದವರಿಗೆ ಮಾತ್ರ ಹೀಗೆ ಒಂದು ಕೈಹೆಸರು ಇಡುತ್ತಾರಂತೆ. ಇಷ್ಟು ವರ್ಷದ ಸರ್ವಿಸಿಗೆ ಇಲಾಖೆ ಕೊಟ್ಟ ಯಾವ ಪ್ರಶಂಸಾಪತ್ರದಲ್ಲೂ ನನ್ನನ್ನು ಯಾರೂ ಇಷ್ಟು ಸರಿಯಾಗಿ ಬರೆದಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಹೇಳಿದ್ದು ಎದುರಿನವರಿಗೆ ಮುಟ್ಟಿತೋ ಇಲ್ಲವೋ ನೋಡದೆ ರಿಜಿಸ್ಟರಿನಲ್ಲಿ ‘ತಿಳಿಸಲಾಗಿದೆ’ ಎಂದು ಬರೆಯಬಾರದು. ತರಬೇತಿಗೆ ಬರುತ್ತಿದ್ದ ಹುಡುಗಿಯರಿಗೆಲ್ಲ ನಿವೃತ್ತಿಯವರೆಗೂ ಇದನ್ನೇ ಹೇಳಿದೆ.

ಕಳೆದ ತಿಂಗಳು ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದೆ. ಆಚೆ ಪ್ಲಾಟ್‌ಫಾರ್ಮಿನಲ್ಲಿ ಪರಿಚಯವೇ ಇಲ್ಲದ ಒಬ್ಬ ಹುಡುಗಿ ತನ್ನ ಫೋನಿನಲ್ಲಿದ್ದ ಫೋಟೊವನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿ, ಸೊಂಟಕ್ಕೆ ಕೈಯಿಟ್ಟು ಬೆರಳಾಡಿಸಿದಳು. ನಾನು ಕೈಯೆತ್ತಿದೆ. ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು, ತನ್ನ ಹೊಟ್ಟೆ ಮುಟ್ಟಿ ಏಳು ಬೆರಳು ತೋರಿಸಿದಳು. ಮೊದಲು ಅವಳ ನಂಬರ್ ತೆಗೆದುಕೊಂಡೆ. ಆಮೇಲೆ ಬಗ್ಗಿ ಅವಳ ಕಾಲಿನ ಊತ ನೋಡಿ, ನೆಟ್ಟಗೆ ನಿಂತು, ಎರಡೂ ಕೈಗಳಿಂದ ಚೆನ್ನಾಗಿ ಗದರಿದೆ.