ಕಂಬಳಿ ಹಣ್ಣಿನ ಹೆಸರು

ಇಕ್ಕೇರಿ ಹತ್ತಿರದ ವಾಗ್ದೇವಿಯವರಿಗೆ ಸಾಗರದ ಹಣ್ಣಿನ ಮೇಳದಲ್ಲಿ ಮಳಿಗೆ ಸಿಕ್ಕಿದ್ದು ಹೋದ ವರ್ಷ. ಅರವತ್ತರ ಹತ್ತಿರದ ವಯಸ್ಸು. ಹಿತ್ತಿಲ ಬೇಲಿಯಂಚಿನ ಕಂಬಳಿ ಹಣ್ಣಿನ ಮರದಿಂದ ತಾವೇ ಹಣ್ಣು ಬಿಡಿಸಿ, ಶರಬತ್ತು ಮಾಡಿ, ಬಾಟಲಿಗೆ ತುಂಬಿ, ಜೊತೆಗೆ ಒಂದು ಬುಟ್ಟಿ ಹಣ್ಣನ್ನೂ ಒಯ್ದಿದ್ದರು. ಮದುವೆಯಾದ ಹೊಸತರಲ್ಲಿ ತೀರ್ಥಹಳ್ಳಿ ಕಡೆಯ ತವರಿನಿಂದ ತಂದು ಊರಿದ ಕಡ್ಡಿ ಅದು. ಈಗ ಏಣಿ ಹಾಕದೆ ಮೇಲಿನ ಹಣ್ಣು ಕೈಗೆ ಸಿಗುವುದಿಲ್ಲ.

ಮಳಿಗೆಗೆ ಬಂದು ನೋಡಿದರೆ ತಲೆಯ ಮೇಲೆ ದೊಡ್ಡ ಬ್ಯಾನರು: ‘ಮಲ್ಬೆರಿ ಮ್ಯಾಜಿಕ್’.

“ಇದು ಯಾರ್ದು?” ಎಂದು ಕೇಳಿದರು.

“ನಿಮ್ದೇ ಅಮ್ಮಾ,” ಎಂದ ಮೇಳದ ಉಸ್ತುವಾರಿ ಗಣೇಶಮೂರ್ತಿ.

“ನಾನು ಬರೆಸಿದ್ದು ಕಂಬಳಿ ಹಣ್ಣು ಅಂತ.”

“ಕಂಬಳಿ ಅಂದ್ರೆ ಜನಕ್ಕೆ ಹುಳ ನೆನಪಾಗುತ್ತೆ. ಆಮೇಲೆ ಯಾರು ಕುಡೀತಾರೆ ಹೇಳಿ? ಬೇಕಾದ್ರೆ ಹಿಪ್ಪುನೇರಳೆ ಅನ್ನಿ, ಪುಸ್ತಕದಲ್ಲಿ ಹಂಗೇ ಇದೆ.”

“ಪುಸ್ತಕದಲ್ಲಿ ಇರ್ಲಿ. ಈ ಹಣ್ಣು ನೋಡಿ, ಕಂಬಳಿ ಹುಳ ಮುದುಡಿ ಕೂತ ಹಾಗೇ ಇದೆ. ನಮ್ಮ ಹಿರಿಯರು ಕಂಡ ಹಾಗೆ ಹೆಸರಿಟ್ಟಿದಾರೆ. ಅದ್ರಲ್ಲಿ ನಾಚಿಕೆ ಎಂತದು?”

ಗಣೇಶಮೂರ್ತಿ ನಕ್ಕು ಪಕ್ಕದ ಮಳಿಗೆಗೆ ಹೋದ. ಪೆಟ್ಟಿಗೆ ಇಳಿಸುತ್ತಿದ್ದ ಗಂಡ ವೆಂಕಟ್ರಮಣ ಹತ್ತಿರ ಬಂದು ಪಿಸುಗುಟ್ಟಿದರು: “ಎಂತಕ್ಕೆ ಮಾರಾಯ್ತಿ, ಒಂದು ಹೆಸರಿಗೆ ಇಷ್ಟು ಹಟ?”

“ಎನ್ನ ಹೆಸರು ಬದಲ್ಸಕಾರೆ ಆನು ಸುಮ್ನಿದ್ದಿ. ಇದ್ರದ್ದು ಬದಲ್ಸಲೆ ಬಿಡ್ತ್ನಿಲ್ಲೆ.”

ವೆಂಕಟ್ರಮಣ ಉಳಿದ ಪೆಟ್ಟಿಗೆ ಇಳಿಸಲು ಹೋದರು. ತವರಿನಲ್ಲಿ ಆಕೆ ಭಾಗೀರಥಿ. ಅತ್ತೆಯ ಹೆಸರೂ ಅದೇ ಆಗಿದ್ದರಿಂದ ಧಾರೆಯ ದಿನವೇ ವಾಗ್ದೇವಿ ಎಂದು ಹೊಸ ಹೆಸರಿಟ್ಟಿದ್ದರು. ಆಗ ಆಕೆಗೆ ಹತ್ತೊಂಬತ್ತು. ಎಷ್ಟೋ ದಿನ ಯಾರೋ ಕರೆದರೆ ತನ್ನನ್ನೆಂದು ತಿಳಿಯದೆ ಕೆಲಸ ಮಾಡುತ್ತಲೇ ಇದ್ದು, ಕಿವಿ ಕೇಳುವುದಿಲ್ಲವೇ ಎಂದು ಬೈಸಿಕೊಂಡಿದ್ದರು. ಬೇಡ ಎನ್ನಬಹುದಿತ್ತು ಎಂಬುದು ಹೊಳೆದದ್ದು ಬಹಳ ತಡವಾಗಿ.

ವಾಗ್ದೇವಿ ಸ್ಟೂಲು ಹತ್ತಿ ಬ್ಯಾನರು ಬಿಚ್ಚಿದರು. ಹಿಂಬದಿ ಬೆಳ್ಳಗಿತ್ತು. ಬುಟ್ಟಿಯಿಂದ ಚೆನ್ನಾಗಿ ಕಳಿತ ಹಣ್ಣು ಹಿಡಿದು ಹಿಸುಕಿ, ಬೆರಳಿನಿಂದಲೇ ಬರೆದರು: ಕಂಬಳಿ ಹಣ್ಣು. ಅಕ್ಷರ ಅಂಕುಡೊಂಕು, ರಸ ಇಳಿದು ‘ಬ’ದ ಹೊಟ್ಟೆ ಜೋತುಬಿದ್ದಿತ್ತು. ಹಾಗೇ ಕಟ್ಟಿದರು.

ಗಣೇಶಮೂರ್ತಿ ಓಡಿಬಂದ. “ತೆಗೀರಿ ಅದನ್ನ. ನೋಡಕ್ಕೆ ಚೆನ್ನಾಗಿಲ್ಲ.”

“ನೀವು ತೆಗೆಸಿದ್ರೆ ಮತ್ತೆ ಬರೀತೀನಿ. ಹಣ್ಣು ಬೇಕಾದಷ್ಟಿದೆ.”

ಮೂಗು ಮುರಿದು ಹೋದವರು ಕೆಲವರಿದ್ದರು. ಹೆಸರು ಕೇಳಿ ನಗುತ್ತಲೇ ಕುಡಿದು, ನೀಲಿಯಾದ ನಾಲಿಗೆ ಒಬ್ಬರಿಗೊಬ್ಬರು ತೋರಿಸಿಕೊಂಡವರೇ ಹೆಚ್ಚು. ಸಂಜೆಗೆ ಶರಬತ್ತು ಖಾಲಿ.

ಈ ವರ್ಷ ಮಳಿಗೆ ಕೇಳಿದರೆ ಮೇಳದವರು ಜಾಗವಿಲ್ಲ ಎಂದರು. ಜಗಳಕ್ಕೆ ಹೋಗದೆ ವಾಗ್ದೇವಿ ಬುಟ್ಟಿ ಹೊತ್ತು ಮೇಳದ ಗೇಟಿನ ಹೊರಗೆ ಕೂತರು. ಅಡಿಕೆ ತೋಟದ ಮನೆಯ ಹೆಂಗಸು ರಸ್ತೆಬದಿ ಕೂರುವುದೇ ಎಂದು ನೆಂಟರಿಷ್ಟರು ಫೋನು ಮಾಡಿದರು. ವೆಂಕಟ್ರಮಣ ಬಿಸಿಲಿಗೆ ಒಂದು ಕೊಡೆ ತಂದು ನೆಟ್ಟು, ಪಕ್ಕದಲ್ಲಿ ಕೂತು ಹಣ್ಣು ಹಾಕಿಕೊಡಲು ಬಾಳೆಲೆಯ ಕೊಟ್ಟೆ ಕಟ್ಟತೊಡಗಿದರು. ಗೇಟಿನವನು ಬಂದು ಏಳಿ ಎಂದಾಗ ವಾಗ್ದೇವಿ ಕುಳಿತಲ್ಲಿಂದಲೇ ಹೇಳಿದರು:

“ಗೇಟಿನೊಳಗೆ ನಿಮ್ದು. ರಸ್ತೆ ಎಲ್ಲರ್ದು.”

ಆಮೇಲೆ ಇನ್ನಷ್ಟು ಗಟ್ಟಿಯಾಗಿ ಕೂಗಿದರು, “ಕಂಬಳಿ ಹಣ್ಣು! ಕಂಬಳಿ ಹಣ್ಣು!”

ಮಧ್ಯಾಹ್ನಕ್ಕೆಲ್ಲ ಬುಟ್ಟಿ ಬರಿದಾಯಿತು. ಇಬ್ಬರೂ ಟಿಕೆಟು ತಗೊಂಡು ಒಳಗೆ ಹೋಗಿ, ಗಣೇಶಮೂರ್ತಿಯ ಟೇಬಲ್ಲಿನ ಎದುರೇ ನಿಂತು ಕಬ್ಬಿನಹಾಲು ಕುಡಿದು ಬಂದರು.