ನೆಲಬೇವು ಕಾಸಿಕೊಡುತ್ತಿದ್ದ ಪಕ್ಕದ ಮನೆ ಅಕ್ಕ

ಮೊನ್ನೆ ಸೊಸೆ ಒಲೆಯ ಮೇಲೆ ನೆಲಬೇವು ಕುದಿಯಲು ಇಟ್ಟಿದ್ದಳು. ಊರಲ್ಲೆಲ್ಲ ನೆಗಡಿ, ಕೆಮ್ಮು. ಆ ವಾಸನೆ ನಡುಮನೆಗೆ ಬಂದಿದ್ದೇ ತಡ, ಅವರೆಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಮೂಗಿನಿಂದಲೇ ನಾಲಿಗೆಗೆ ಕಹಿ ಇಳಿಸುವ ವಾಸನೆ ಅದು. ಕೂತಿದ್ದದ್ದು ಬಂಗಾರಪೇಟೆಯ ಮಗನ ಮನೆಯಲ್ಲಿ, ಮನಸ್ಸು ಹೋಗಿದ್ದು ಚಿನ್ನದ ಗಣಿಯವರ ಸಾಲುಮನೆಗೆ, ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗೆ... ಪಕ್ಕದ ಮನೆ ಅಕ್ಕನ ಹತ್ತಿರಕ್ಕೆ.

ನಾನು ಕಾಮಸಮುದ್ರದ ಕಡೆಯವಳು. ಮದುವೆಯಾಗಿ ಗಣಿ ಲೈನಿಗೆ ಬಂದಾಗ ನನಗೆ ತಮಿಳು ಬಾರದು, ಅವಳಿಗೆ ಕನ್ನಡ ಬಾರದು. ಮಧ್ಯೆ ಒಂದೇ ಗೋಡೆ. ಜಗಳ ಆಡಿ ಆಡಿಯೇ ಇಬ್ಬರೂ ಮಾತು ಕಲಿತೆವು. ಆದರೂ ನಾವು 'ಕಣೇ' ಅನ್ನುವ ಕಡೆ ಅವಳ ಬಾಯಲ್ಲಿ ತಮಿಳಿನ 'ಡೀ'ಯೇ ಉಳಿಯಿತು. ನಮ್ಮ ಗಂಡಂದಿರು ಒಂದೇ ಶಿಫ್ಟಿನಲ್ಲಿ ಭೂಮಿಯೊಳಗೆ ಇಳಿದವರು. ಇಬ್ಬರೂ ಎದೆಗೆ ಧೂಳು ತುಂಬಿಕೊಂಡು ಕೆಮ್ಮಿ ಕೆಮ್ಮಿ ಹೋದರು. ಅಕ್ಕ ಕಷಾಯ ಕಾಸುವುದನ್ನು ಕಲಿತಿದ್ದು ಆಗಲೇ.

ಕೊರೊನಾ ಬಂದಾಗ ನನಗೂ ಅಂಟಿತು. ಮುನಿಸಿಪಾಲಿಟಿಯವರು ಬಾಗಿಲಿಗೆ ಕಾಗದ ಅಂಟಿಸಿ, ಒಳಗೇ ಇರು ಅಂದರು. ಮಗ ಬರುವಂತಿಲ್ಲ, ಸೊಸೆ ಬರುವಂತಿಲ್ಲ. ಲೈನಿನವರು ನನ್ನ ಮನೆ ಹತ್ತಿರ ಬಂದರೆ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ತಪ್ಪೇನಿಲ್ಲ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಅಕ್ಕ ಮಾತ್ರ ಬೆಳಿಗ್ಗೆ, ಸಂಜೆ ಹಿತ್ತಿಲ ಕಿಟಕಿಗೆ ಬಂದು ಸರಳಿನ ಸಂದಿಯಲ್ಲಿ ಲೋಟ ಇಡುತ್ತಿದ್ದಳು. ನೆಲಬೇವು, ಶುಂಠಿ, ಮೆಣಸು. ಕೊಡುವ ಮೊದಲು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕುವಳು. ಮುಖ ಕಿವುಚಿದರೆ ಹದ ಸರಿಯಾಗಿದೆ ಅಂತ. ನಾನು ಕುಡಿದು ಮುಗಿಸುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ.

"ದೂರ ನಿಂತ್ಕೊ ಅಕ್ಕ, ನಿಂಗೂ ಅಂಟ್ಕೊಂತದೆ."

"ಅಂಟ್ಲಿ ಬಿಡು ಡೀ. ಇಷ್ಟು ವರ್ಸ ಪಕ್ಕದಲ್ಲಿದ್ರೂ ನಿನ್ ಬುದ್ದಿ ನಂಗ್ ಅಂಟ್ಲಿಲ್ಲ, ಇದೇನ್ ಅಂಟ್ತದೆ? ಕುಡಿ, ಕುಡಿ."

ನನಗೆ ಕುಡಿಯುವುದು ಕಷ್ಟವೇ ಆಗಲಿಲ್ಲ. ರುಚಿ, ವಾಸನೆ ಎರಡೂ ಹೋಗಿದ್ದವು. ನೀರು ಕುಡಿದಂತೆ ಗಟಗಟ ಕುಡಿದುಬಿಡುತ್ತಿದ್ದೆ. ಅದರಿಂದಲೇ ರೋಗ ಹೋಯಿತು ಅಂತ ನಾನು ಹೇಳುವುದಿಲ್ಲ. ಬಿಸಿ ಇಳಿದಾಗ ಗಂಟಲು ಸ್ವಲ್ಪ ಬಿಡುತ್ತಿತ್ತು. ಸಂಜೆ ಮತ್ತೆ ಕಿಟಕಿಗೆ ಒಬ್ಬರು ಬರುತ್ತಾರೆ ಅನ್ನುವುದಿತ್ತು. ಅಷ್ಟೇ.

ಒಂದು ಬೆಳಿಗ್ಗೆ ಗುಟುಕು ಬಾಯಿಗೆ ಹಾಕಿದವಳು ಥೂ ಎಂದು ಉಗಿದೆ. ಕಹಿ ಅಂದರೆ ಕಹಿ, ಕಣ್ಣಲ್ಲಿ ನೀರು ಬಂತು. ನಾಲಿಗೆ ವಾಪಸ್ಸು ಬಂದಿತ್ತು. ನನಗೆ ನಗು ತಡೆಯಲಿಲ್ಲ.

"ಅಕ್ಕ, ಬಾಯ್ ಬಂತು ಕಣಕ್ಕಾ! ಏನ್ ಕಹಿ ಇದು, ಸಾಯಿಸ್ತೀಯಾ ನನ್ನ?"

ಅವಳು ನಗಲಿಲ್ಲ. "ನಾಟ್ಕ ಆಡ್ಬೇಡ. ಇದ್ರಾಗೆ ಕಹಿನೇ ಇಲ್ಲ. ಆ ಗ್ರಂಥಿಗೆ ಅಂಗ್ಡಿಯೋನು ನೆಲಬೇವು ಅಂತ ಹುಲ್ಲು ಕಟ್ಕೊಟ್ಟವ್ನೆ. ನಿನ್ನೆಯಿಂದ ಎರ್ಡೆರ್ಡು ಹಿಡಿ ಹಾಕ್ತಾ ಇವ್ನಿ, ಆದ್ರೂ ಬರೀ ನೀರು."

ಲೋಟ ಕೈಯಲ್ಲೇ ಉಳಿಯಿತು. ಅವಳ ಮುಖ ಸರಿಯಾಗಿ ನೋಡಿದೆ. ಕಿವುಚಿರಲಿಲ್ಲ. ಕಣ್ಣು ಕೆಂಪಗಿದ್ದವು.

"ಅಕ್ಕ, ಸೊಪ್ಪಲ್ಲ. ನಿನ್ ಬಾಯೇ ಓಗೈತೆ. ನಂಗೂ ಇಂಗೇ ಸುರುವಾಗಿದ್ದು. ಈಗ್ಲೇ ಆಸ್ಪತ್ರೆಗೆ ಓಗು."

ಅವಳು ಸರಳು ಹಿಡಿದುಕೊಂಡಳು. "ಓದ್ರೆ ನನ್ ಬಾಗ್ಲುಗೂ ಕಾಗ್ದ ಅಂಟಿಸ್ತಾರೆ. ಆಮೇಲೆ ನಿಂಗ್ ಯಾರ್ ಡೀ ಕಾಸ್ಕೊಡೋರು? ಮೊದ್ಲು ನಿನ್ ಬಾಗ್ಲು ತೆಗೀಲಿ, ಆಮೇಲ್ ಓಯ್ತೀನಿ."

"ನಂಗ್ ಬ್ಯಾಡ! ವಾಸಿ ಆಗೈತೆ ಅಂತಾ ಇಲ್ವಾ?"

"ಸುಮ್ಕೆ ಕುಡಿ."

ಸಂಜೆಯೂ ಲೋಟ ಬಂತು. ಮಾರನೆಯ ಬೆಳಿಗ್ಗೆಯೂ ಬಂತು, ಆದರೆ ಮಾತಿಲ್ಲ. ಹಿತ್ತಿಲಿನ ಆ ನಾಲ್ಕು ಹೆಜ್ಜೆಗೇ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಳು. ನಾನು ಮಗನಿಗೆ ಫೋನ್ ಮಾಡಿ ಕಿರುಚಿದೆ. ಅವನು ಎಲ್ಲೆಲ್ಲಿಗೋ ಮಾತಾಡಿ ಆಂಬ್ಯುಲೆನ್ಸ್ ಕಳಿಸಿದ. ಮೈತುಂಬ ಬಿಳಿ ಬಟ್ಟೆ ತೊಟ್ಟವರು ಅವಳನ್ನು ನಡೆಸಿಕೊಂಡು ಹೋಗುವಾಗ ನಾನು ಮುಂದಿನ ಕಿಟಕಿಯಲ್ಲಿ ನಿಂತಿದ್ದೆ. ನನ್ನ ಕಡೆ ತಿರುಗಿ ಕೈ ಎತ್ತಿದಳು.

"ಚಾಡಿ ಹೇಳ್ಬುಟ್ಯಲ್ಲೇ!"

ಅದೇ ಕೊನೆಯ ಮಾತು.

ಮತ್ತೆ ಅವಳು ಬರಲಿಲ್ಲ. ಹೆಣವನ್ನೂ ತರಲಿಲ್ಲ. ಎಲ್ಲಿ ಸುಟ್ಟರೋ, ಮದುವೆಯಾಗಿ ದೂರ ಹೋದ ಅವಳ ಮಗಳಿಗೇ ಸರಿಯಾಗಿ ತಿಳಿಯದು. ನನ್ನ ಲೋಟದಿಂದ ಹತ್ತಿತೋ, ರೇಷನ್ ಅಂಗಡಿಯ ಸಾಲಿನಲ್ಲಿ ಹತ್ತಿತೋ... ಕೇಳುವುದು ಯಾರನ್ನು? ನನ್ನ ಬಾಗಿಲಿನ ಕಾಗದ ಕಿತ್ತ ದಿನ ಹೊರಗೆ ಬಂದು ಅವಳ ಜಗುಲಿಯ ಮೇಲೆ ಕೂತೆ. ಬಾಗಿಲಿಗೆ ಬೀಗ. ಕೂತೆ, ಅಷ್ಟೇ. ಅಳು ಬರಲಿಲ್ಲ. ಏಳಲೂ ಆಗಲಿಲ್ಲ. ಮಗನೇ ಬಂದು ತೋಳು ಹಿಡಿದು ಎಬ್ಬಿಸಿದ.

ಆಮೇಲೆ ಬಂಗಾರಪೇಟೆಗೆ ಬಂದುಬಿಟ್ಟೆ. ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಬೈಯುವವರಿಲ್ಲ. ನನ್ನನ್ನು ಡೀ ಅಂತ ಕರೆಯುವ ಜೀವ ಭೂಮಿಯ ಮೇಲೆ ಒಂದೂ ಉಳಿದಿಲ್ಲ.

ಮೊನ್ನೆ ಸೊಸೆ ಆ ಕಷಾಯ ಸೋಸಿ ಮೊಮ್ಮಗಳಿಗೆ ಕೊಟ್ಟಳು. ಒಂದೇ ಗುಟುಕಿಗೆ ಹುಡುಗಿ "ಅಯ್ಯೋ ಅಜ್ಜಿ, ಕಹಿ!" ಎಂದು ಉಗಿದು ಹೊರಗೆ ಓಡಿದಳು. "ನೀವಾದ್ರೂ ಹಿಡ್ದು ಕುಡಿಸಿ ಅತ್ತೆ," ಅಂದಳು ಸೊಸೆ.

ನಾನು ಏಳಲಿಲ್ಲ. "ಕಹಿ ಗೊತ್ತಾಗ್ತಾ ಐತಲ್ಲ ಅವ್ಳಿಗೆ, ಸಾಕು ಬಿಡು," ಅಂದೆ.